‘ಬೇಡ’ ಎನ್ನದ ತಪ್ಪಿಗೆ ದಂಡ



ತಲ್ಲೂರಿನ ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ ಅಕ್ಕನ ಮನೆ. ಮಗ ಮುಂಬಯಿಯಲ್ಲಿದ್ದಾನೆ. ಊರಿಗೆ ಬಂದಾಗ ತನ್ನ ಕೆಲಸಕ್ಕೆ ಬೇಕೆಂದು ಮನೆಯ ಫೋನಿಗೆ ಇಂಟರ್ನೆಟ್ಟನ್ನೂ ಸೇರಿಸಿ ಒಂದು ಪ್ಯಾಕೇಜ್ ಹಾಕಿಸಿದ್ದ. ಕಳೆದ ತಿಂಗಳು ಅಕ್ಕ ಇಂಗ್ಲಿಷಿನಲ್ಲಿದ್ದ ಬಿಲ್ಲನ್ನು ಓದಿ ಹೇಳೆಂದು ನನ್ನ ಕೈಗಿತ್ತಳು. ಬಾಡಿಗೆಯ ಕೆಳಗೆ ‘ಮನರಂಜನಾ ಸೇವೆ’ ಎಂಬರ್ಥದ ಒಂದು ಸಾಲು, ಅದರ ಎದುರು 99 ರೂಪಾಯಿ. ಹಳೆಯ ಬಿಲ್ಲುಗಳನ್ನು ತೆಗೆಸಿ ನೋಡಿದೆ. ಹನ್ನೊಂದು ತಿಂಗಳಿಂದ ಆ ಸಾಲು ಅಲ್ಲಿಯೇ ಕುಳಿತಿತ್ತು. ಶೇಕಡಾ 18ರ ತೆರಿಗೆ ಸೇರಿದರೆ ತಿಂಗಳಿಗೆ 116 ರೂಪಾಯಿ 82 ಪೈಸೆ. ಒಟ್ಟು 1,285 ರೂಪಾಯಿ. ಸಿನಿಮಾ ನೋಡುವ ಸೇವೆಯಂತೆ. ಅಕ್ಕ ಕೊನೆಯದಾಗಿ ಸಿನಿಮಾ ನೋಡಿದ್ದು ಯಾವಾಗ ಎಂಬುದು ಅವಳಿಗೇ ನೆನಪಿಲ್ಲ.

“ಕೇಳ್ಬಹುದಿತ್ತಲ್ಲ?” ಎಂದೆ. “ಬಿಲ್ಲ್ ಬಂದ್ರೆ ಕಟ್ಟದೆ ಇಪ್ಪುಕಾತ್ತಾ ತಮ್ಮಾ? ಫೋನ್ ಕಟ್ ಮಾಡ್ರೆ ಮಾಣಿ ಹತ್ರ ಮಾತಾಡುದ್ ಹ್ಯಾಂಗೆ?” ಎಂದಳು.

ಸಂಸ್ಥೆಯ ಹೆಸರು ಇಲ್ಲಿ ಬೇಡ. ಯಾರೊಬ್ಬರದೋ ದೋಷವೆಂದು ನಾನು ಬರೆಯುತ್ತಿಲ್ಲ. ಕೇಂದ್ರಕ್ಕೆ ಫೋನ್ ಮಾಡಿದಾಗ ಸಿಕ್ಕ ಉತ್ತರ ಇಷ್ಟು: “ಮೊದಲ ತಿಂಗಳು ಉಚಿತವಾಗಿ ಕೊಟ್ಟಿದ್ದೆವು. ಬೇಡವಾದರೆ ತಿಳಿಸಿ ಎಂದು ಸಂದೇಶ ಕಳುಹಿಸಿದ್ದೆವು. ಗ್ರಾಹಕರು ಬೇಡವೆನ್ನಲಿಲ್ಲ.” ಸಂದೇಶ ಬಂದದ್ದು ಇಂಗ್ಲಿಷಿನಲ್ಲಿ, ಅಕ್ಕನ ಗುಂಡಿಯೊತ್ತುವ ಮೊಬೈಲಿಗೆ. ಕೊನೆಗೆ ಸೇವೆಯನ್ನು ನಿಲ್ಲಿಸಿ, ಒಂದು ತಿಂಗಳ ಹಣವನ್ನು ಉಪಕಾರವೆಂಬಂತೆ ಹಿಂದಿರುಗಿಸಲು ಒಪ್ಪಿದರು. ಉಳಿದ ಹತ್ತು ತಿಂಗಳ ಹಣ ಅವರದೇ ಎನ್ನುವುದು ಅವರ ವಾದ.

ಇಂತಹುದೇ ಉದ್ಯಮದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೊಡನೆ ಇದನ್ನು ಹೇಳಿಕೊಂಡೆ. “ಸರ್, ಎಲ್ಲ ಕಡೆ ಇರುವ ಪದ್ಧತಿ ಇದು. ಬೇಡದವರು ಬೇಡವೆನ್ನಬಹುದಲ್ಲ?” ಎಂದ. ಅವನು ಒಳ್ಳೆಯ ಹುಡುಗ. ಆದುದರಿಂದಲೇ ಆ ಮಾತು ನನ್ನನ್ನು ಕಾಡಿತು. ಈ ಲೇಖನ ಅವನಿಗೆ ನನ್ನ ಉತ್ತರ.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಪಾಠ ಮುಗಿಸಿ “ಅರ್ಥವಾಯಿತೇ?” ಎಂದು ಕೇಳಿದಾಗ ತರಗತಿ ಸುಮ್ಮನಿದ್ದರೆ ಎಲ್ಲರಿಗೂ ಅರ್ಥವಾಯಿತೆಂದು ನಾನೂ ಮೊದಮೊದಲು ನಂಬಿದ್ದೆ. ಉತ್ತರಪತ್ರಿಕೆಗಳು ಬಂದಾಗ ಸತ್ಯ ತಿಳಿಯಿತು. ಕೆಲವರು ಭಯದಿಂದ, ಕೆಲವರು ಸಂಕೋಚದಿಂದ, ಕೆಲವರು ಪ್ರಶ್ನೆಯೇ ಕೇಳಿಸದೆ ಸುಮ್ಮನಿದ್ದರು. ಅಕ್ಕನ ಮೌನವೂ ಅಂತಹುದೇ. ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವವನು ಮೋಸ ಹೋದವನಲ್ಲ, ಮೋಸ ಮಾಡುವವನು.

ಲೆಕ್ಕವನ್ನು ಹೀಗೆ ಮಾಡಿ ನೋಡಿ. ಒಂದು ಲಕ್ಷ ಮಂದಿ ಗಮನಿಸದೆ ಹೋದರೆ ತಿಂಗಳಿಗೆ 99 ಲಕ್ಷ ರೂಪಾಯಿ. ನೂರು ರೂಪಾಯಿಗಾಗಿ ಯಾರೂ ಜಗಳಕ್ಕೆ ಹೋಗುವುದಿಲ್ಲ ಎಂಬ ನಂಬಿಕೆಯೇ ಇಲ್ಲಿ ಬಂಡವಾಳ. ಬೇಕಾದವರು ಕೇಳಿ ಪಡೆಯಲಿ ಎಂದರೆ ಈ ವ್ಯಾಪಾರ ನಡೆಯುವುದಿಲ್ಲ. ಅದಕ್ಕಾಗಿಯೇ ಬೇಡದವರು ಬೇಡಿಕೊಳ್ಳುವಂತೆ ಮಾಡಿದ್ದಾರೆ.

‘ಎಲ್ಲ ಕಡೆ ಇರುವ ಪದ್ಧತಿ’ ಎನ್ನುವುದೂ ಪೂರ್ಣ ಸತ್ಯವಲ್ಲ. ಕೆನಡಾದಲ್ಲಿ 1995ರ ಆರಂಭದಲ್ಲಿ ರೋಜರ್ಸ್ ಎಂಬ ಕೇಬಲ್ ಸಂಸ್ಥೆ ಇದೇ ರೀತಿ ಹೊಸ ಚಾನೆಲ್ಲುಗಳನ್ನು ಸೇರಿಸಿ, ಬೇಡವೆನ್ನದವರಿಗೆ ಶುಲ್ಕ ವಿಧಿಸಲು ಹೊರಟಿತು. ಜನ ತಿರುಗಿಬಿದ್ದರು, ಸಂಸ್ಥೆ ಹಿಂದೆ ಸರಿಯಬೇಕಾಯಿತು. ನಮ್ಮಲ್ಲಿಯೂ ಕೇಳದೆಯೇ ಕಾಲರ್ ಟ್ಯೂನ್ ಹಾಕಿ ಹಣ ಮುರಿದುಕೊಳ್ಳುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ದೂರುಗಳು ಹೆಚ್ಚಿದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರ ಜುಲೈಯಲ್ಲಿ, ಮೊಬೈಲಿನ ಇಂತಹ ಸೇವೆಗಳಿಗೆ ಗ್ರಾಹಕನಿಂದ ಎರಡೆರಡು ಬಾರಿ ಸ್ಪಷ್ಟ ಒಪ್ಪಿಗೆ ಪಡೆಯಬೇಕೆಂದು ಆದೇಶಿಸಿತು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನ್ ವ್ಯಾಪಾರದ ಹದಿಮೂರು ವಂಚಕ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಗಿರಾಕಿಯ ಬುಟ್ಟಿಗೆ ಗುಟ್ಟಾಗಿ ವಸ್ತು ಸೇರಿಸುವುದೂ, ಬಿಡಿಸಿಕೊಳ್ಳಲಾಗದ ಚಂದಾ ಬಲೆಯೂ ಆ ಪಟ್ಟಿಯಲ್ಲಿವೆ. ಸರಿಯಾದ ಪದ್ಧತಿಯಾಗಿದ್ದರೆ ಇಷ್ಟೆಲ್ಲ ಆದೇಶಗಳು ಏಕೆ ಬೇಕಾಗಿದ್ದವು?

ಇನ್ನೊಂದು ತಪ್ಪು ಕಲ್ಪನೆಯಿದೆ: ಫೋನ್ ಬಿಲ್ಲಿನ ತಕರಾರನ್ನು ಗ್ರಾಹಕ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ ಎಂಬುದು. ಹಳೆಯ ಟೆಲಿಗ್ರಾಫ್ ಕಾಯಿದೆಯನ್ನು ಆಧರಿಸಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹಾಗೆ ತೀರ್ಪು ನೀಡಿದ್ದುಂಟು. ಆದರೆ 2022ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ, ಆ ಕಾಯಿದೆ ಗ್ರಾಹಕರ ದಾರಿಗೆ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ಹೊಳೆಯಾಚೆಯ ಬಸ್ರೂರಿನಲ್ಲಿ ಬಳಕೆದಾರರ ವೇದಿಕೆಯನ್ನು ಕಟ್ಟಿದ ಡಾ. ರವೀಂದ್ರನಾಥ ಶ್ಯಾನುಭಾಗರ ಹೆಸರನ್ನು ಕೇಳಿ ಬೆಳೆದ ಸೀಮೆ ನಮ್ಮದು. ಸಣ್ಣ ಮೊತ್ತವೆಂದು ಸುಮ್ಮನಿರುವುದು ನಮಗೆ ಶೋಭೆಯಲ್ಲ.

ಅಕ್ಕನ ಪರವಾಗಿ ಲಿಖಿತ ದೂರು ಕೊಟ್ಟು, ಅದರ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ. ಸಂಸ್ಥೆಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೂ ಬರೆದಿದ್ದೇನೆ. ಅಲ್ಲಿಯೂ ನ್ಯಾಯ ಸಿಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗವಿದೆ. ಬಸ್ಸಿನ ಖರ್ಚು ಹೆಚ್ಚಾದೀತು ಎಂದು ಮನೆಯವಳು ನಗುತ್ತಾಳೆ. ಆಗಲಿ.

ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿರುವ ನಿಮ್ಮಲ್ಲಿ ಒಂದು ಕೋರಿಕೆ. ಊರಿಗೆ ಬಂದಾಗ ತಂದೆ ತಾಯಿಯರ ಫೋನ್ ಬಿಲ್ಲನ್ನು ಒಮ್ಮೆ ಸಾಲು ಸಾಲಾಗಿ ಓದಿರಿ. ಅರ್ಥವಾಗದ ಸಾಲಿದ್ದರೆ ಕೇಳಿರಿ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಇಂತಹ ಪ್ಯಾಕೇಜುಗಳನ್ನು ರೂಪಿಸುವ ಮೇಜಿನ ಮುಂದೆ ನೀವೇ ಕುಳಿತಿದ್ದರೆ, ಮೊದಲೇ ಗುರುತು ಹಾಕಿಟ್ಟ ಆ ಚೌಕವನ್ನು ಖಾಲಿ ಬಿಡಿರಿ. ಬೇಕಾದವರು ತಾವೇ ಗುರುತು ಹಾಕುತ್ತಾರೆ.