ಮ್ಯಾಚ್ ನೋಡದಿದ್ರ ವಯಸ್ಸಾತು ಅಂತ ಯಾರಂದ್ರು?

ವೈನಿ, ಕಾಕು, ಮಾಮಿ, ನಮ್ಮ ಓಣಿಯ ಅಕ್ಕ-ತಂಗ್ಯಾರು, ಎಲ್ಲಾರೂ ಕೈಯಾಗಿನ ಕೆಲಸ ಒಂಚೂರು ಬದಿಗಿಟ್ಟು ಕೇಳ್ರಿ. ಇವತ್ತ ನಾ ಜಗಳಕ್ಕ ಬಂದೇನಿ.

2024ರ ಜೂನ್ 29, ಶನಿವಾರ. ಟಿ-ಟ್ವೆಂಟಿ ವರ್ಲ್ಡ್ ಕಪ್ ಫೈನಲ್. ಬಾರ್ಬಡೋಸ್‌ನಾಗ ನಮ್ಮವರು ಸೌತ್ ಆಫ್ರಿಕಾ ಜೋಡಿ ಆಡ್ಲಿಕತ್ತಿದ್ರು. ನಾ ಹಾಲಿಗೆ ಹೆಪ್ಪ ಹಾಕಿ, ಗ್ಯಾಸಿನ ಕಟ್ಟಿ ಒರಿಸಿ, ಒಂಬತ್ತೂವರಿಗೆ ಮಲ್ಕೊಂಡೆ. ನಡರಾತ್ರಿ ಹತ್ರ ಪಟಾಕಿ ಸಪ್ಪಳಕ್ಕ ಎಚ್ಚರಾತು. ಗೆದ್ರು ಅಂತ ಕಾಣಸ್ತದ ಅಂದು ಮಗ್ಗಲಾ ಬದಲಿಸಿದೆ. ಇಷ್ಟ ನಾ ಮಾಡಿದ ಅಪರಾಧ.

ಮುಂಜಾನೆ ಪುಣೆಯಿಂದ ಮಗನ ಫೋನು. "ಅವ್ವಾ, ಮ್ಯಾಚ್ ನೋಡ್ಲಿಲ್ಲಾ? ದ್ರಾವಿಡ್ ಕಪ್ ಎತ್ತಿ ಕುಣದಿದ್ದು ನೋಡ್ಲಿಲ್ಲಾ? ಆರಾಮ ಇದ್ದೀ ಇಲ್ಲೋ?" ಅವನ ಕೈಯಾಗಿನ ಫೋನ್ ಸೊಸಿ ಇಸಗೊಂಡು, "ಅತ್ಯಾ, ಒಮ್ಮೆ ಬಿ-ಟ್ವೆಲ್ವ್ ಚೆಕ್ ಮಾಡಸ್ಕೊಂಡು ಬಿಡ್ರಿ" ಅಂದ್ಳು. ಹೊರಗ ಬಂದ್ರ ಕರಿಬೇವು ಹರಕೊಳ್ಳಿಕ್ಕೆ ಬಂದಿದ್ದ ಮಗ್ಗಲ ಮನಿಯವರು, "ವಯಸ್ಸಾತಲ್ರೀ, ಒಂದೊಂದ ಬಿಟ್ಟು ಹೋಗ್ತದ" ಅಂತ, ಯಾರೋ ಸತ್ತ ಮನಿಗೆ ಮಾತಾಡ್ಸಲಿಕ್ಕೆ ಬಂದವರ ಧ್ವನಿಯೊಳಗ ಅಂದ್ರು.

ಅವತ್ತ ಸುಮ್ನಿದ್ದೆ. ಆದ್ರ ಆಮ್ಯಾಲೆ ಎಲ್ಲಿ ಹೋದ್ರೂ ಇದ ಮಾತು. ಅರಿಶಿಣ ಕುಂಕುಮಕ್ಕ ಹೋದ್ರೂ ಇದ, ಮದವಿ ಮನ್ಯಾಗ ಪಂಕ್ತಿಗೆ ಕೂತ್ರೂ ಇದ. "ಒಂದು ಕಾಲಕ್ಕ ಎಷ್ಟು ಹುಚ್ಚಿತ್ತು ನಿಮಗ, ಪಾಪ." ಈ ಪಾಪ ಅನ್ನೋ ಶಬ್ದಕ್ಕ ನಾ ಉತ್ತರಾ ಕೊಡಬೇಕಾಗ್ಯದ.

ಹುಚ್ಚಿತ್ತು, ಖರೇ. 1987ರಾಗ ನಮ್ಮ ಮನಿಗೆ ಮೊದಲನೇ ಬ್ಲ್ಯಾಕ್ ಅಂಡ್ ವೈಟ್ ಟಿವಿ ಬಂದಾಗ ನಾ ಹೊಸ ಸೊಸಿ. ಮೈದುನ ಮಾಳಗಿ ಮ್ಯಾಲೆ ಹತ್ತಿ ಆಂಟೆನಾ ತಿರವತಿದ್ದ, ನಾ ಕಿಡಕ್ಯಾಗ ನಿಂತು "ಬಂತು... ಹೋತು... ಬಂತು" ಅಂತ ಒದರತಿದ್ದೆ. ನಮ್ಮ ಅತ್ತಿಯವರಿಗೆ ಆಟದ ಗಂಧ ಗಾಳಿ ಇರ್ಲಿಲ್ಲ. "ನಮ್ಮವರು ಹೊಡಿಯವರೊ, ಒಗಿಯವರೊ?" ಅಂತ ಒಮ್ಮೆ ಕೇಳಿ ಜಪಮಣಿ ಹಿಡಕೊಂಡು ಕೂತ್ರ ಮ್ಯಾಚ್ ಮುಗಿಯೋ ತನಕಾ ಏಳ್ತಿದ್ದಿಲ್ಲ. ಪಡಸಾಲ್ಯಾಗ ಹದಿನಾಲ್ಕ ಮಂದಿ. ಬಾಗಲದಾಗ ಚಪ್ಪಲಿ ರಾಶಿ.

ನಾ ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿಯೊಳಗ ಸ್ಕೋರ್ ಬರೀತಿದ್ದೆ. ನನ್ನ ತವರಮನಿ ಗದಗ. ನಮ್ಮ ಗದಗಿನ ಸುನೀಲ ಜೋಶಿ 1999ರಾಗ ನೈರೋಬಿಯೊಳಗ ಸೌತ್ ಆಫ್ರಿಕಾದವರಿಗೆ 10 ಓವರ್ ಹಾಕಿ 6 ರನ್ ಕೊಟ್ಟು 5 ವಿಕೆಟ್ ತಗೊಂಡ. ಅದರಾಗ 6 ಓವರ್ ಮೇಡನ್. ಅವತ್ತ ನಾನ ಬೌಲಿಂಗ್ ಮಾಡಿದಂಗ ಓಣಿ ತುಂಬ ಬೆಲ್ಲಾ ಹಂಚೇನಿ. ಅಂಥಾಕಿ ನಾ.

ಈಗ ಒಂದು ಮಾತು ಎದಿ ಮುಟ್ಟಿ ಹೇಳ್ರಿ. ನಾವು ಹೆಣಮಕ್ಕಳು ಆ ಮ್ಯಾಚುಗಳನ್ನ ಖರೇನ ನೋಡೇವೇನು? 1996ರ ಮಾರ್ಚ್ 9, ಬೆಂಗಳೂರಾಗ ಪಾಕಿಸ್ತಾನದ ಜೋಡಿ ಕ್ವಾರ್ಟರ್ ಫೈನಲ್. ಆಮೀರ್ ಸೊಹೇಲ್ ಫೋರ್ ಹೊಡದು, ವೆಂಕಟೇಶ ಪ್ರಸಾದಗ ಬ್ಯಾಟಿನಿಂದ ಬೌಂಡರಿ ಕಡೆ ಕೈ ತೋರಿಸಿದ. ಮುಂದಿನ ಬಾಲಿಗೇ ಪ್ರಸಾದ ಅವನ ಸ್ಟಂಪ್ ಹಾರಿಸಿದ. ಇಡೀ ದೇಶ ನೋಡ್ತು. ನಾ ಅವಾಗ ಏನ ಮಾಡ್ಲಿಕತ್ತಿದ್ದೆ? ಒಳಗ ಮಿರ್ಚಿ ಭಜಿ ಕರೀಲಿಕತ್ತಿದ್ದೆ. ಪಡಸಾಲ್ಯಾಗ ಮಾಳಗಿ ಹಾರಿ ಹೋಗೂವಂಗ ಒದರಿದ್ರು. ಕೈಯಾಗ ಝಾರಿ ಹಿಡಕೊಂಡ ಓಡಿದೆ. ನಾ ಮುಟ್ಟೂದ್ರಾಗ ರಿಪ್ಲೇ ಬಂದಿತ್ತು.

ನನ್ನ ಜೀವನದಾಗ ನಾ ನೋಡಿದ ವಿಕೆಟ್ ಎಲ್ಲಾ ರಿಪ್ಲೇನ. ನಿಮ್ಮದೂ ಅಷ್ಟ, ಸುಳ್ಳ ಹೇಳಬ್ಯಾಡ್ರಿ. ಆಟ ನೋಡಿದವರು ಗಂಡಸರು. ನಾವು ಚಹಾ ಸೋಸಕೋತ, ಗಿರ್ಮಿಟ್ ಕಲಸಕೋತ ಕಿವಿಯಿಂದ ಕೇಳಿದವರು. ಆದ್ರೂ ಯಾಕ ಛಂದ ಅನಸ್ತಿತ್ತು? ಅದು ಹಬ್ಬದಂಗ ಇತ್ತು ಅದಕ್ಕ. ಮನಿ ತುಂಬ ಮಂದಿ ಇದ್ರು, ಬಿಡುವಾದಾಗ ನನಗೂ ಹೊಸ್ತಿಲ ಮ್ಯಾಲೆ ಒಂದು ಜಾಗಾ ಇತ್ತು. ಅತ್ತಿಯವರೂ ನಾನೂ ಒಂದ ವಿಷಯಕ್ಕ ಕೂಡಿ ನಗತಿದ್ದಿದ್ದು ಆ ನಾಲ್ಕ ತಾಸಿನ್ಯಾಗ ಮಾತ್ರ.

ಈಗ ಲೆಕ್ಕಾ ಹಾಕೂಣು. ಐಪಿಎಲ್ ಒಂದು ಸೀಸನ್ನಿಗೆ 74 ಮ್ಯಾಚು. ಒಂದಕ್ಕ ಮೂರೂವರಿ ತಾಸು ಹಿಡೀರಿ. 259 ತಾಸಾತು. ಅಂದ್ರ ಹನ್ನೊಂದು ದಿನ ಹತ್ರ, ಹಗಲೂ ರಾತ್ರಿ ಸೇರಿ. ಇದು ಎರಡು ತಿಂಗಳದ ಒಂದ ಪಂದ್ಯಾವಳಿ. ಆಮ್ಯಾಲೆ ಟೆಸ್ಟು, ಒನ್ ಡೇ, ಟಿ-ಟ್ವೆಂಟಿ, ಅಲ್ಲಿ ಪ್ರವಾಸ, ಇಲ್ಲಿ ಪ್ರವಾಸ. ಯುಗಾದಿಗೊಮ್ಮೆ ಹೋಳಗಿ ಮಾಡ್ತೇವಿ ಅಂತ ಅದಕ್ಕ ರುಚಿ. ದಿನಾ ಸಂಜಿಕೆ ಏಳೂವರಿಗೆ ಹೋಳಗಿ ತಂದು ಮುಂದಿಟ್ಟು, ಒಂದ ದಿನಾ ಬ್ಯಾಡ ಅಂದ್ರ "ಪಾಪ, ನಾಲಿಗಿ ಸತ್ತದ" ಅಂತಾರೇನು? ನಾಲಿಗಿ ನೆಟ್ಟಗ ಇದ್ದವರ ಬ್ಯಾಡ ಅಂತಾರ.

ಮತ್ತ ಆಟಗಾರರು? ಮೊದಲ ನನಗ ಪ್ರತಿಯೊಬ್ಬರ ಊರು ಗೊತ್ತಿತ್ತು, ಯಾರು ಯಾವ ಕೈಯಿಂದ ಆಡ್ತಾರ ಗೊತ್ತಿತ್ತು. ಈಗ ಹರಾಜ ಆಗ್ತದ. ಹ್ವಾದ ವರ್ಷ ನಮ್ಮವ ಅಂತ ಕೈ ಮುಗದಿದ್ದೆ, ಈ ವರ್ಷ ಅವನ ಎದುರಿಗಿನ ಅಂಗಿ ಹಾಕ್ಕೊಂಡು ನಮ್ಮವರಿಗೇ ಸಿಕ್ಸ್ ಹೊಡೀತಾನ. ಅವನ ತಪ್ಪಲ್ಲ, ಅದು ಅವನ ನೌಕರಿ. ಆದ್ರ ನೌಕರಿ ಬದಲಿಸಿದವನ ಹಿಂದ ನಾ ಯಾಕ ಅಂತಃಕರಣ ಹೊತಗೊಂಡು ಓಡಬೇಕು?

ಕೂಡಿ ನೋಡೋ ಸುಖಾನೂ ಉಳದಿಲ್ಲ. ಸೂಟಿಗೆ ಮೊಮ್ಮಗ ಬಂದ್ರ ಅವ ಮೊಬೈಲಿನ್ಯಾಗ ನೋಡ್ತಾನ, ಅಜ್ಜ ಟಿವಿಯೊಳಗ ನೋಡ್ತಾರ. ಟಿವಿಯೊಳಗ ವಿಕೆಟ್ ಬಿದ್ದು ಅಜ್ಜ ಚಪ್ಪಾಳಿ ಹೊಡದ್ರ ಮೊಮ್ಮಗನ ಮೊಬೈಲಿನ್ಯಾಗ ಇನ್ನೂ ಬೌಲರ್ ಓಡಿ ಬರ್ತಿರ್ತಾನ. "ಅಜ್ಜಾ, ಯಾಕ ಹೇಳಿದಿ!" ಅಂತ ಅವ ಸಿಟ್ಟಿಗೇಳ್ತಾನ. ಒಂದ ಮನಿ, ಒಂದ ಮ್ಯಾಚು, ಆದ್ರ ಇಬ್ಬರಿಗೂ ಕೂಡಿ ಖುಷಿ ಪಡ್ಲಿಕ್ಕೆ ಬರಂಗಿಲ್ಲ.

ಇನ್ನ ರೊಕ್ಕದ ಮಾತು. 2000ರಾಗ ಹ್ಯಾನ್ಸಿ ಕ್ರೋನ್ಯೆ ತಾ ಬುಕ್ಕಿಗಳ ಕಡೆ ರೊಕ್ಕಾ ತಗೊಂಡಿದ್ದು ಒಪ್ಪಕೊಂಡ, ನಮ್ಮ ಕಡೆಯವರ ಮ್ಯಾಲೂ ನಿಷೇಧ ಬಿತ್ತು. ಅವತ್ತಿನಿಂದ ಒಂದು ಕ್ಯಾಚ್ ಬಿಟ್ರೂ ಮನಸಿನ್ಯಾಗ ಹುಳಾ ಹೊಕ್ಕತದ. ಆಮ್ಯಾಲಿನದು ಇನ್ನೂ ಕೆಟ್ಟದ್ದು. ಓವರ್ ಮುಗಿದ್ರ ಸಾಕು, ನಾವು ತಲಿ ಮ್ಯಾಲೆ ಹೊತ್ತಿದ್ದ ಆಟಗಾರರ ಬಂದು ಟೀಮ್ ಕಟ್ಟು, ರೊಕ್ಕಾ ಗೆಲ್ಲು ಅಂತ ಕರೀತಿದ್ರು. ಚಟಾ ಆಗಬಹುದು ಅನ್ನೋದನ್ನ ಮಾತ್ರ ಕಡೀಕ ಯಾರಿಗೂ ತಿಳೀಬಾರದಂಗ ಗಡಿಬಿಡಿಯಿಂದ ಓದಿ ಮುಗಸ್ತಿದ್ರು.

ನಮ್ಮ ಸಂಬಂಧದೊಳಗಿನ ಒಬ್ಬ ಹುಡುಗ, ಹೆಸರು ಬ್ಯಾಡ. ಮೊದಲ ಐವತ್ತು ರೂಪಾಯಿ, ಆಮ್ಯಾಲೆ ಐನೂರು, ಆಮ್ಯಾಲೆ ಸಾಲ. ಅವರವ್ವನ ಪಾಟ್ಲಿ ಒತ್ತಿ ಬಿದ್ದವು. ಆಕಿ ನಾಲ್ಕ ತಿಂಗಳ ಯಾರ ಮನಿ ಕಾರ್ಯಕ್ಕೂ ಹೋಗ್ಲಿಲ್ಲ, ಖಾಲಿ ಕೈ ಕಾಣಸ್ತಾವ ಅಂತ. ಕಡೀಕ ನನ್ನ ಮುಂದ ಬಂದು ಸೆರಗಿನ್ಯಾಗ ಕೈ ಮುಚಕೊಂಡು ಕೂತು ಅತ್ಲು. "ದಿನಾ ಅವಗ ಚಹಾ ಮಾಡಿ ಕೊಟ್ಟು, ಮ್ಯಾಚ್ ನೋಡ್ತಾನ ನೋಡ್ಲಿ ಅಂತ ಸುಮ್ನಿದ್ದೆ ಅಕ್ಕಾ" ಅಂದ್ಳು. 2025ರ ಆಗಸ್ಟಿನ್ಯಾಗ ರೊಕ್ಕಾ ಹಚ್ಚೋ ಆನ್‌ಲೈನ್ ಆಟಾ ಬಂದ್ ಮಾಡೋ ಕಾಯ್ದೆ ಪಾರ್ಲಿಮೆಂಟಿನ್ಯಾಗ ಪಾಸಾತು. ಛಲೋ ಆತು. ಆದ್ರ ಕಾಯ್ದೆ ಬಂದ್ರೂ ಪಾಟ್ಲಿ ತಿರುಗಿ ಬರ್ಲಿಲ್ಲ. ಇದನ್ನ ಕಣ್ಣಾರೆ ನೋಡಿದ ಮ್ಯಾಲೂ ನನಗ ಆ ಗದ್ದಲದಾಗ ಆಸಕ್ತಿ ಇರಬೇಕಂತ.

ಹಂಗಂತ ವಯಸ್ಸಿಂದು ಏನೂ ಪಾತ್ರ ಇಲ್ಲಂತ ನಾ ಅನ್ನಂಗಿಲ್ಲ. ಕಣ್ಣು ದಣೀತಾವ. ಹತ್ತು ಗಂಟೆಕ್ಕ ನಿದ್ದಿ ಬರ್ತದ. ಸ್ಕೋರ್ ತೋರಸೋ ಪಟ್ಟಿ ಮ್ಯಾಲೆ ಅಷ್ಟ ಅಕ್ಷರ, ಅಷ್ಟ ಬಣ್ಣ, ಅದರಾಗ ರನ್ ಎಷ್ಟು ಅಂತ ಹುಡುಕೋದ್ರಾಗ ಇನ್ನೊಂದ ಬಾಲ್ ಆಗಿರ್ತದ. ಆದ್ರ ವಯಸ್ಸು ನನ್ನಿಂದ ಆಸಕ್ತಿ ಕಸಗೊಂಡಿಲ್ಲ. ಇನ್ನ ಉಳದ ಸಂಜಿ ಎಷ್ಟು ಅಂತ ಎಣಸಲಿಕ್ಕೆ ಕಲಿಸ್ಯದ. ಎಣಸೋದು ಕಲತಾಕಿ ಬೇಕಾದಂಗ ಖರ್ಚ ಮಾಡಂಗಿಲ್ಲ.

ಒಬ್ಬರಿಗೆ ಮಾತ್ರ ನಾ ಏನೂ ಅನ್ನಂಗಿಲ್ಲ. ನಮ್ಮ ಹಿರೇ ವೈನಿ. ಅಣ್ಣ ಹ್ವಾದ ಮ್ಯಾಲೆ ಅವರು ಒಬ್ಬರ ಇರ್ತಾರ, ಯಾವ ಮ್ಯಾಚಿದ್ರೂ ಹಚ್ಚತಾರ. "ಮನ್ಯಾಗ ನಾಲ್ಕ ಮಂದಿ ಮಾತಾಡಿದಂಗ ಆಗ್ತದವಾ" ಅಂತಾರ. ಅವರಿಗೆ ಅದು ಆಟಲ್ಲ, ಜೊತಿ. ಅಂಥವರ ಟಿವಿ ಯಾರೂ ಬಂದ್ ಮಾಡಬಾರದು. ಅವರ ಮನಿಗೆ ನಾವ ಹೆಚ್ಚು ಹೋಗಬೇಕು, ಅದು ಬ್ಯಾರೆ ಮಾತು.

ಹಂಗಾರ ನಾ ಆಟ ನೋಡೋದು ಪೂರ್ತಿ ಬಿಟ್ಟೇನೇನು? 2025ರ ನವೆಂಬರ್ 2ರ ಮಾತು ಕೇಳ್ರಿ. ಹೆಣಮಕ್ಕಳ ವರ್ಲ್ಡ್ ಕಪ್ ಫೈನಲ್, ನವಿ ಮುಂಬೈಯೊಳಗ. ಮಳಿ ಬಂದು ತಡಾ ಮಾಡಿ ಶುರು ಆತು. ನಾ ಕುರ್ಚಿ ಹಾಕ್ಕೊಂಡು ಕೂತೆ. ಶೆಫಾಲಿ 87 ಹೊಡದ್ಳು. ಅತ್ಲಾಕಡೆ ವೊಲ್ವಾರ್ಟ್ ನೂರಾ ಒಂದು ಹೊಡದು ಹೆದರಿಸಿದ್ಳು, ಅಮನಜೋತ ಕೈಯಾಗಿಂದ ಜಾರಿದ ಕ್ಯಾಚನ್ನ ಮತ್ತ ಮತ್ತ ಹಿಡದು ಕಡೀಕ ಬಿಡ್ಲೇ ಇಲ್ಲ. ದೀಪ್ತಿ ಐದು ವಿಕೆಟ್ ತಗೊಂಡ್ಳು. 52 ರನ್ನಿನಿಂದ ಗೆದ್ವಿ. ನಡರಾತ್ರಿ ತನಕಾ ನನಗ ಒಂದ ಆಕಳಿಕಿ ಬರ್ಲಿಲ್ಲ. ಒಂದ ಚಮಚಾ ಎಣ್ಣಿ ಕಾಸ್ಲಿಲ್ಲ, ಒಂದ ಬಾಲೂ ಬಿಡ್ಲಿಲ್ಲ. "ಚಹಾ ಬೇಕಂದ್ರ ನೀವ ಮಾಡ್ರಿ, ನನಗೂ ಒಂದರ್ಧ ಕಪ್ಪು" ಅಂದೆ. ಇವರು ಮಾಡಿದ್ರು. ಸಕ್ಕರಿ ಜಾಸ್ತಿ ಆಗಿತ್ತು, ಕುಡದೆ.

ಅವತ್ತ ಕಣ್ಣಾಗ ನೀರ ಬಂದಿದ್ದು ಗೆದ್ದಿದ್ದಕ್ಕಷ್ಟ ಅಲ್ಲ. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ 1977ರಾಗ ನ್ಯೂಜಿಲೆಂಡಿನ್ಯಾಗ ಟೆಸ್ಟ್ ಸೆಂಚುರಿ ಹೊಡದಿದ್ರು. ಭಾರತದ ಹೆಣಮಗಳು ಹೊಡದ ಮೊದಲನೇ ಟೆಸ್ಟ್ ಸೆಂಚುರಿ ಅದು. ಅವಾಗ ನಾ ಸಾಲಿಯೊಳಗ ಖೋ-ಖೋ ಆಡ್ತಿದ್ದೆ. ಯಾರೂ ನನಗ ಹೇಳ್ಲಿಲ್ಲ. ಟಿವಿ ಬಂದ ಮ್ಯಾಲೂ ವರ್ಷಾನುಗಟ್ಲೆ ಯಾರೂ ತೋರಿಸ್ಲಿಲ್ಲ. ನಲವತ್ತು ವರ್ಷ ನನ್ನಿಂದ ಭಜಿ ಕರಿಸಿಕೊಂಡ ಆಟ, ನನ್ನಂಥಾಕಿಯೂ ಇದನ್ನ ಆಡ್ತಾಳ ಅಂತ ಹೇಳಲಿಕ್ಕೆ ಇಷ್ಟು ತಡಾ ಮಾಡ್ತು.

ಮರುದಿನಾ ಮಗ, "ನೋಡಿದ್ಯಾ, ಆಸಕ್ತಿ ತಿರುಗಿ ಬಂತು!" ಅಂದ. ಅವಾಗ ಹೇಳಿದೆ: "ಹೋಗಿದ್ರ ಬರಲಿಕ್ಕೆ. ನೂರ ಬ್ಯಾಡ ಅಂದೇನಿ, ಒಂದು ಆರಿಸಿಕೊಂಡೇನಿ."

ಕಡೀ ಮಾತು, ಇದು ಮನಿ ಒಳಗಿಂದು. ನಮ್ಮನಿಯವರು ದಿನಾ ಮ್ಯಾಚ್ ಹಚ್ಚಿ ಕೂಡ್ತಾರ. ಆರನೇ ಓವರಿಗೆ ಗೊರಕಿ. ನಾ ಮೆಲ್ಲಕ ರಿಮೋಟ್ ತಗೊಂಡ್ರ "ನೋಡ್ಲಿಕತ್ತೇನಿ" ಅಂತ ಕಣ್ಣ ಮುಚಕೊಂಡ ಅಂತಾರ. ಅವರಿಗೂ ಬ್ಯಾಸರ ಬಂದದ. ಒಪ್ಪಕೊಳ್ಳೋ ಧೈರ್ಯ ಇಲ್ಲ ಅಷ್ಟ, ಮ್ಯಾಚ್ ಬಿಟ್ರ ಸಂಜಿಕೆ ಏನ ಮಾಡಬೇಕು ಗೊತ್ತಿಲ್ಲ. ಅವರು ಗೊರಕಿ ಹೊಡದ್ರ ಕ್ರಿಕೆಟ್ ಪ್ರೇಮಿ, ನಾ ಎದ್ದು ಹ್ವಾದ್ರ ನನಗ ಬಿ-ಟ್ವೆಲ್ವ್ ಕಡಿಮಿ. ಇದು ಯಾವ ನ್ಯಾಯರೀ?

ಅದಕ್ಕ ಹೇಳ್ತೇನಿ. ಬ್ಯಾಸರ ಬಂದ್ರ ಬ್ಯಾಸರ ಬಂದದ ಅಂತ ಬಾಯಿ ಬಿಟ್ಟು ಹೇಳ್ರಿ. ಊಟದ ಹೊತ್ತಿನ್ಯಾಗ ಟಿವಿ ಬಂದ್ ಮಾಡ್ರಿ. ಮ್ಯಾಚ್ ನೋಡೋರು ಚಹಾ ತಾವ ಮಾಡ್ಕೊಳ್ಳಲಿ. ಮಕ್ಕಳು ಮ್ಯಾಚಿನ ಹೆಸರಿಲೆ ಮೊಬೈಲಿನ್ಯಾಗ ಏನ ಮಾಡ್ಲಿಕತ್ತಾರ ಅಂತ ಬಗ್ಗಿ ನೋಡ್ರಿ, ಸಂಕೋಚ ಬ್ಯಾಡ. ಮತ್ತ ಯಾವಾಕಿಯರೆ ನಾ ಮ್ಯಾಚ್ ನೋಡೋದು ಬಿಟ್ಟೆ ಅಂದ್ರ ಆಕಿಗೆ ಪಾಪ ಅನಬ್ಯಾಡ್ರಿ, ಸಂಜಿಕೆ ಏನ ಮಾಡ್ತೀರಿ ಅಂತ ಕೇಳ್ರಿ.

ನಾ ಏನ ಮಾಡ್ತೇನಿ ಅಂದ್ರ, ನಮ್ಮ ಓಣಿ ಹಿಂದಿನ ಸಾಲಿ ಬಯಲಿಗೆ ಹೋಗ್ತೇನಿ. ಐದೂವರಿಗೆ ಹುಡಿಗ್ಯಾರು ಖೋ-ಖೋ ಆಡ್ತಾರ. ಕಟ್ಟಿ ಮ್ಯಾಲೆ ಕೂತು ನೋಡ್ತೇನಿ. ಅಲ್ಲಿ ರಿಪ್ಲೇ ಇಲ್ಲ, ಕಣ್ಣ ಆ ಕಡೆ ಈ ಕಡೆ ಆದ್ರ ಹೋತು. ಅದಕ್ಕ ಅತ್ಲಾಗ ಇತ್ಲಾಗ ನೋಡಂಗಿಲ್ಲ. ಕಟ್ಟಿ ಮ್ಯಾಲೆ ಇನ್ನೂ ನಾಲ್ಕ ಮಂದಿಗೆ ಜಾಗಾ ಅದ. ಬರ್ರಿ. ಚುರಮರಿ ನಾ ತರ್ತೇನಿ, ಮನ್ಯಾಗ ಮೊದಲ ಕಲಸಿಟ್ಟಿರ್ತೇನಿ.