ಹಿತ್ತಿಲ ಓಣಿಯ ಸಂತರ್ಪಣೆ

ನೆರೆಹೊರೆಯ ಮಹನೀಯರಲ್ಲಿಯೂ ಗೃಹಿಣಿಯರಲ್ಲಿಯೂ ನನ್ನದೊಂದು ಬಿನ್ನಹವುಂಟು. ಬಿನ್ನಹವೆಂದು ಕರೆದೆನಾದರೂ ಇದರಲ್ಲಿ ಸಿಟ್ಟಿನ ಪಾಲೇ ಹೆಚ್ಚೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ರಾತ್ರಿ ದೀಪವಾರಿಸಿ ಮಲಗಿದ ಮೇಲೆ ಅಡಿಗೆಮನೆಯ ಕಪಾಟಿನಲ್ಲಿ ಕರಕರ ಸದ್ದಾಗುವುದು, ಬೆಳಗ್ಗೆ ಎದ್ದು ನೋಡಿದರೆ ಬೇಳೆಯ ಚೀಲಕ್ಕೆ ತೂತು ಬಿದ್ದಿರುವುದು, ಒಲೆಕಟ್ಟೆಯ ಮೇಲೆ ಕಪ್ಪು ಹಿಕ್ಕೆ ಚೆಲ್ಲಿರುವುದು, ಬೀರುವಿನಲ್ಲಿ ಮಡಿಸಿಟ್ಟ ಸೀರೆಯ ಸೆರಗು ಜಾಲರಿಯಾಗಿರುವುದು, ಇವು ನಿಮ್ಮಲ್ಲಿ ಯಾರಿಗೂ ಹೊಸ ಸಂಗತಿಗಳಲ್ಲ. ಇಲಿಗಳು ಹೆಚ್ಚಿದುವೆಂದು ಕಾಂಪೌಂಡಿನ ಆಚೆ ಈಚೆ ನಿಂತು ನಾವೆಲ್ಲರೂ ದೂರಿಕೊಂಡಿದ್ದೇವೆ. ಆದರೆ ಅವು ಏಕೆ ಹೆಚ್ಚಿದುವೆಂಬ ಪ್ರಶ್ನೆ ಬಂದೊಡನೆ ಮಾತು ಮಳೆಬೆಳೆಯ ಕಡೆಗೆ ತಿರುಗುತ್ತದೆ. ಇಂದು ಆ ಮಾತನ್ನು ತಿರುಗಗೊಡದೆ ಹಿಡಿದು ನಿಲ್ಲಿಸಬೇಕೆಂದಿದ್ದೇನೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನನ್ನ ವಾಸ. ಮನೆಗಳ ಬೆನ್ನಿಗೆ ಒಂದು ಕನ್ಸರ್ವೆನ್ಸಿ ಓಣಿ. ಹೋದ ಕಾರ್ತಿಕದ ಒಂದು ಬೆಳಗ್ಗೆ, ನಮ್ಮ ಸಾಲಿನ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆದು ಹೋಗುವ ಹೆಂಗಸಿನ ಮಗ, ಆರು ವರ್ಷದ ಹುಡುಗ, ತಾಯಿಯ ಕೆಲಸ ಮುಗಿಯುವವರೆಗೆ ಆಡಿಕೊಂಡಿರಲೆಂದು ಆ ಓಣಿಗೆ ಹೋದವನು, ಗೋಡೆಯ ಬುಡದಲ್ಲಿ ಕಾಗದದ ಮೇಲಿದ್ದ ಬೋಂಡವೊಂದನ್ನು ಎತ್ತಿಕೊಂಡು ತಿಂದನು. ಅದರ ಹೊಟ್ಟೆಯಲ್ಲಿ ಯಾರೋ ಇಲಿಪಾಷಾಣದ ಪೇಸ್ಟನ್ನು ತುಂಬಿಟ್ಟಿದ್ದರು. ಹಳದಿ ರಂಜಕ ಸೇರಿದ ಆ ಪೇಸ್ಟಿಗೆ ಬೆಳ್ಳುಳ್ಳಿಯಂಥ ವಾಸನೆ. ಬೋಂಡದಲ್ಲಿಯೂ ಬೆಳ್ಳುಳ್ಳಿಯೇ ಇರುವಾಗ ಆರು ವರ್ಷದ ನಾಲಗೆ ಯಾವುದನ್ನು ಯಾವುದರಿಂದ ಬೇರ್ಪಡಿಸೀತು? ಮೊದಲ ದಿನ ವಾಂತಿಯಾಯಿತು. ಮರುದಿನ ಹುಡುಗ ಎದ್ದು ಕುಳಿತು ಬುಗುರಿ ಕೇಳಿದನು. ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರಿಟ್ಟರು. ವೈದ್ಯರು ಮಾತ್ರ ಹಾಗೆನ್ನಲಿಲ್ಲ. ಈ ವಿಷದ ಕ್ರೌರ್ಯವಿರುವುದೇ ಆ ನಡುವಣ ಸುಳ್ಳು ನೆಮ್ಮದಿಯಲ್ಲಿ: ಒಂದೆರಡು ದಿನ ಸುಮ್ಮನಿದ್ದಂತೆ ತೋರಿ, ಬಳಿಕ ಯಕೃತ್ತನ್ನು ಹಿಡಿಯುತ್ತದೆ, ಕಣ್ಣು ಹಳದಿಯಾಗುತ್ತದೆ, ಇದಕ್ಕೆಂದೇ ಗೊತ್ತಾದ ಪ್ರತ್ಯೌಷಧವೂ ಇಲ್ಲ. ಹದಿನಾಲ್ಕು ದಿನಗಳ ಮೇಲೆ ಹುಡುಗ ಬದುಕಿ ಮನೆಗೆ ಬಂದನು.

ಪಾಷಾಣವಿಟ್ಟವರು ಯಾರೆಂದು ಬೀದಿಯೆಲ್ಲ ವಿಚಾರಣೆ ನಡೆಯಿತು. ಪ್ರತಿಯೊಬ್ಬರೂ ಪಕ್ಕದ ಮನೆಯ ಕಡೆಗೆ ಕಣ್ಣು ತೋರಿಸಿದರು. ಆ ಗದ್ದಲದ ನಡುವೆ ಹುಡುಗನ ತಾಯಿ, ಯಾರ ಮೇಲೂ ಕೋಪವಿಲ್ಲದೆ, ತನ್ನ ಮಗನ ಪರವಾಗಿ ಕ್ಷಮೆ ಬೇಡುವವಳಂತೆ, ನನ್ನೊಡನೆ ಆಡಿದ ಮಾತು ಇದು: “ಅವನದೇನೂ ತಪ್ಪಿಲ್ಲ ಸ್ವಾಮಿ. ದಿನಾ ಅಲ್ಲಿ ಒಳ್ಳೊಳ್ಳೆ ತಿಂಡಿ ಬಿದ್ದಿರ್ತದೆ. ಇದೂ ಅಂಥದ್ದೇ ಅಂದ್ಕೊಂಡ.”

ಅಂಥದ್ದೇ! ಆ ಒಂದು ಪದ ನಮ್ಮ ಬೀದಿಯ ಮೇಲೆ ಕೊಟ್ಟ ತೀರ್ಪೆಂದೇ ನಾನು ತಿಳಿದಿದ್ದೇನೆ. ಪಾಷಾಣದ ಬೋಂಡವನ್ನು ಇಟ್ಟವನು ಒಬ್ಬನಿದ್ದಿರಬಹುದು. ಓಣಿಯಲ್ಲಿ ಬಿದ್ದಿರುವುದನ್ನು ಎತ್ತಿ ತಿನ್ನಬಹುದೆಂಬ ನಂಬಿಕೆಯನ್ನು ಆ ಮಗುವಿಗೆ ಕಲಿಸಿದವರು ನಾವೆಲ್ಲರೂ. ಅದೇ ರಾತ್ರಿ ಟಾರ್ಚು ಹಿಡಿದುಕೊಂಡು ಆ ಓಣಿಯ ಉದ್ದಕ್ಕೂ ನಡೆದೆನು. ಮೇಲುಮಹಡಿಗಳಿಂದ ಎಸೆದ ಚಿತ್ರಾನ್ನ, ಒಡೆದ ಪೊಟ್ಟಣದಿಂದ ಹರಿದ ಸಾರನ್ನ, ಹಳಸಿದ ಹಿಟ್ಟು, ಮದುವೆಮನೆಯಿಂದ ತಂದು ತಿನ್ನಲಾರದೆ ಬಿಸುಟ ಹೋಳಿಗೆ. ಅವುಗಳ ಮೇಲೆ ಬೆಳಕು ಬಿದ್ದೊಡನೆ ಅತ್ತಿತ್ತ ಚೆದರಿದ ಇಲಿಗಳು. ಒಂದೆಡೆ, ಎರಡು ದಿನದ ಹಿಂದೆ ನಮ್ಮ ಮನೆಯಲ್ಲಿ ನಡೆದ ಶ್ರಾದ್ಧದ ಊಟದ ಎಲೆಗಳೂ ಮಡಿಸಿದಂತೆಯೇ ಬಿದ್ದಿದ್ದುವು. ಆದುದರಿಂದ ಈ ಲೇಖನದಲ್ಲಿ ‘ನೀವು’ ಎಂದು ಬರೆಯಬೇಕಾದಲ್ಲೆಲ್ಲ ‘ನಾವು’ ಎಂದೇ ಬರೆಯುತ್ತಿದ್ದೇನೆ.

ಇಲಿ ಮನೆಗೆ ದಾರಿ ತಪ್ಪಿ ಬರುವ ಪ್ರಾಣಿಯಲ್ಲ. ಆಮಂತ್ರಣವಿದ್ದಲ್ಲಿಗೆ ಬರುವ ಅತಿಥಿ. ಒಂದು ಚಿಟ್ಟಿಲಿಗೆ ದಿನಕ್ಕೆ ಬೇಕಾದ ಆಹಾರ ಸುಮಾರು 3 ಗ್ರಾಂ ಮಾತ್ರ. ನಾವು ಬೇಡವೆಂದು ಎಸೆಯುವ ಒಂದು ಸೌಟು ಅನ್ನ ಒಂದು ಇಡೀ ಬಳಗದ ರಾತ್ರಿಯ ಸಂತರ್ಪಣೆ. ಅದರ ಗರ್ಭಾವಧಿ ಸುಮಾರು 20 ದಿನ. ಒಂದು ಸೂಲಿಗೆ ಐದಾರು ಮರಿ. ಆ ಮರಿಗಳೂ ಆರೇಳು ವಾರಗಳಲ್ಲಿ ಸಂತಾನಕ್ಕೆ ಸಿದ್ಧ. ಹೀಗಿರುವಾಗ, ಊಟವನ್ನು ನಿತ್ಯವೂ ಬಡಿಸುತ್ತ, ಉಣ್ಣಲು ಬಂದವುಗಳಲ್ಲಿ ಹತ್ತನ್ನು ವಿಷವಿಕ್ಕಿ ಕೊಂದು, ಇಲಿಗಳ ಕಾಟ ತೀರಿತೆಂದು ಕೈ ತೊಳೆದುಕೊಳ್ಳುವುದು ತಳ ಒಡೆದ ಕೊಡಕ್ಕೆ ನೀರು ಸೇದಿದಂತಲ್ಲದೆ ಮತ್ತೇನು? ಸತ್ತ ಹತ್ತರ ಜಾಗಕ್ಕೆ ತಿಂಗಳು ಕಳೆಯುವುದರೊಳಗೆ ಇಪ್ಪತ್ತು ಬರುತ್ತವೆ. ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟವನ ಕಥೆಯನ್ನು ಹೇಳಿ ನಗುತ್ತೇವೆ. ಆತ ತನ್ನ ಮನೆಯನ್ನೇ ಸುಟ್ಟುಕೊಂಡನೆಂಬಷ್ಟು ಮಟ್ಟಿಗೆ ನಮಗಿಂತ ಸಜ್ಜನ. ನಾವು ಇಟ್ಟ ಬೆಂಕಿ ಬೇರೆಯವರ ಮಗುವಿನ ಹೊಟ್ಟೆಯನ್ನು ಹೊಕ್ಕಿತು.

ಈ ಊರಿನ ಜನರಿಗೆ ಇಲಿಯ ಭಯವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1898ರಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದ ಪ್ಲೇಗು ಬೆಂಗಳೂರನ್ನು ಹೊಕ್ಕಾಗ, ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಸಾವಿರಾರು ಜನ ಸತ್ತರು. ಆ ಬಳಿಕ ಅಟ್ಟದಿಂದ ಇಲಿ ಬಿತ್ತೆಂದರೆ ಮನೆಗೆ ಬೀಗವಿಕ್ಕಿ ಊರ ಹೊರಗೆ ಗುಡಿಸಲು ಹಾಕಿಕೊಳ್ಳುವುದು ಮೈಸೂರು ಸೀಮೆಯಲ್ಲಿ ವಾಡಿಕೆಯೇ ಆಗಿಹೋಯಿತು. ಬಸವನಗುಡಿ, ಮಲ್ಲೇಶ್ವರಗಳು ಬೇಗಬೇಗನೆ ಬೆಳೆದುದು ಆ ಭಯದ ಬೆನ್ನಲ್ಲಿಯೇ. ಅಗಲವಾದ ರಸ್ತೆಗಳು, ಗಾಳಿ ಬೆಳಕಿಗೆ ಎಡೆಯುಳ್ಳ ನಿವೇಶನಗಳು, ಮನೆಗಳ ಹಿಂದೆ ನೈರ್ಮಲ್ಯಕ್ಕೆಂದೇ ಬಿಟ್ಟ ಓಣಿಗಳು, ಇವೆಲ್ಲ ಹಿಂದಿನವರು ಹೆಣಗಳನ್ನು ಹೊತ್ತ ಮೇಲೆ ಕಲಿತ ಪಾಠ. ಮನೆಯ ಹೊಲಸು ಮನೆಯಿಂದ ದೂರ ಸಾಗಲೆಂದು ಅವರು ಬಿಟ್ಟ ಓಣಿಯನ್ನೇ ನಾವು ಇಲಿಗಳ ಅನ್ನಛತ್ರವನ್ನಾಗಿ ಮಾಡಿಕೊಂಡೆವು. ಪ್ಲೇಗಿನ ದಿನಗಳು ಕಳೆದುವೆಂದು ಹೇಳುವವರಿಗೆ ಮಳೆಗಾಲದ ಇಲಿಜ್ವರವನ್ನು ನೆನಪಿಗೆ ತಂದುಕೊಡುತ್ತೇನೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಒಂದು ಸಣ್ಣ ಗಾಯಕ್ಕೆ ತಾಗಿದರೆ ಸಾಕು, ಆ ಜ್ವರ ಬರಬಲ್ಲದು. ಹಾಗೆ ತಾಗುವುದು ನಮ್ಮ ಕಾಲಿಗಲ್ಲ, ನಾವೆಸೆದ ಅನ್ನವನ್ನು ಬೆಳಗಿನ ಜಾವ ಬರಿಗಾಲಿನಲ್ಲಿ ನಿಂತು ಬಾಚುವ ಪೌರಕಾರ್ಮಿಕರ ಕಾಲಿಗೆ.

ಇಷ್ಟನ್ನು ಹೇಳಿದೊಡನೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂಬುದು ಒಂದು. ಬರುವುದಿಲ್ಲ, ನಿಜ, ಅದಕ್ಕಾಗಿ ಅಧಿಕಾರಿಗಳನ್ನು ನಿಲ್ಲಿಸಿ ಕೇಳೋಣ, ನಾನೂ ಜೊತೆಗೆ ಬರುತ್ತೇನೆ. ಆದರೆ ಗಾಡಿ ಬಾರದ ದಿನ ಮನೆಯ ಚಿನ್ನವನ್ನು ಯಾರೂ ಓಣಿಗೆ ಎಸೆದದ್ದಿಲ್ಲ. ಇಟ್ಟುಕೊಳ್ಳಲು ಮನಸ್ಸಿದ್ದುದನ್ನು ಇಟ್ಟುಕೊಳ್ಳಲು ನಮಗೆ ಬರುತ್ತದೆ. ಎರಡನೆಯ ಉತ್ತರ ಇನ್ನೂ ನಯವಾದುದು: ಅನ್ನವನ್ನು ಕಸದ ಬುಟ್ಟಿಗೆ ಹಾಕಬಾರದು, ಯಾವುದಾದರೂ ಮೂಕಪ್ರಾಣಿ ತಿಂದು ಹೋಗಲಿ ಎಂಬುದು. ಅನ್ನವೇ ಪರಬ್ರಹ್ಮವೆಂದು ಕಣ್ಣಿಗೊತ್ತಿಕೊಳ್ಳುವ ಕೈಯೇ, ಕತ್ತಲಾದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಪರಬ್ರಹ್ಮವನ್ನು ಚರಂಡಿಯ ಮಗ್ಗುಲಿಗೆ ಎಸೆಯುತ್ತದೆ. ಪುಣ್ಯಕಾರ್ಯವಾದರೆ ಕತ್ತಲೆಯೇಕೆ? ಮೂಕಪ್ರಾಣಿಯ ಮೇಲಿನ ಕರುಣೆಯಾದರೆ ಮರುದಿನ ಅಂಗಡಿಯಿಂದ ಪಾಷಾಣವೇಕೆ? ಉಣಿಸಿ ಕೊಲ್ಲುವುದನ್ನು ದ್ರೋಹವೆಂದು ಕರೆದ ನಾಡಿನಲ್ಲಿ ನಾವು ಅದನ್ನು ನಿತ್ಯಕರ್ಮವನ್ನಾಗಿ ಮಾಡಿಕೊಂಡಿದ್ದೇವೆ.

ಮಾಡತಕ್ಕದ್ದೇನೆಂದು ಕೇಳುವಿರಾದರೆ, ಅದು ದೊಡ್ಡ ಶಾಸ್ತ್ರವೇನೂ ಅಲ್ಲ. ಅಕ್ಕಿಯನ್ನು ಉಣ್ಣುವಷ್ಟೇ ಅಳೆದು ಹಾಕುವುದು. ಉಳಿದುದನ್ನು ಬಿಗಿಯಾದ ಮುಚ್ಚಳವುಳ್ಳ ಬುಟ್ಟಿಯಲ್ಲಿಟ್ಟು ಬೆಳಗ್ಗೆ ಗಾಡಿಯವರ ಕೈಗೇ ಕೊಡುವುದು. ಪೆನ್ಸಿಲು ತೂರುವಷ್ಟು ಸಂದಿದ್ದರೂ ಚಿಟ್ಟಿಲಿ ನುಸುಳಬಲ್ಲದಾದ್ದರಿಂದ, ಬಚ್ಚಲಿನ ತೂಬಿಗೆ ಜಾಲರಿ ಹಾಕಿ, ನಲ್ಲಿಯ ಕೊಳವೆಯ ಸುತ್ತಣ ಸಂದುಗಳಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ತುರುಕಿ ಸಿಮೆಂಟು ಮೆತ್ತುವುದು. ಒಳಹೊಕ್ಕ ಇಲಿಗೆ ಅಜ್ಜಿಯ ಕಾಲದ ಬೋನನ್ನು ಇಡುವುದು. ಪಾಷಾಣದ ಪೇಸ್ಟನ್ನು ಮಾತ್ರ ಮನೆಗೆ ತರಲೇಬಾರದು. ಇಷ್ಟೇ. ಆದರೆ ಎಸೆಯುವ ಕೈ ನಿಲ್ಲದಿದ್ದರೆ ಜಾಲರಿಯೂ ಬೋನೂ ನಮ್ಮ ಮನೆಯ ಇಲಿಯನ್ನು ಪಕ್ಕದ ಮನೆಗೆ ಅಟ್ಟುವ ಉಪಾಯಗಳಷ್ಟೇ ಆಗಿ ಉಳಿಯುತ್ತವೆ.

ನನ್ನನ್ನು ಈ ಲೇಖನಕ್ಕೆ ಹಚ್ಚಿದುದು ಹುಡುಗ ವಿಷ ತಿಂದನೆಂಬ ಸಂಗತಿಯೂ ಅಲ್ಲ. ಅವನು ಆಸ್ಪತ್ರೆಯಲ್ಲಿ ಮಲಗಿದ್ದ ಮೊದಲ ವಾರ ನಮ್ಮ ಓಣಿ ನಿರ್ಮಲವಾಗಿತ್ತು; ಬೀದಿಗೆ ಬೀದಿಯೇ ಅಂಜಿತ್ತು. ಅವನು ಬದುಕಿದನೆಂಬ ಸುದ್ದಿ ಬಂದ ರಾತ್ರಿ, ಹತ್ತು ಗಂಟೆಯ ಮೇಲೆ, ಮೇಲಿನ ಯಾವುದೋ ಕಿಟಕಿಯಿಂದ ಒಂದು ಪೊಟ್ಟಣ ಓಣಿಗೆ ದೊಪ್ಪನೆ ಬಿತ್ತು. ಮಗು ಸತ್ತಿದ್ದರೆ ನಾವು ತಿಂಗಳುಗಟ್ಟಲೆ ತಿದ್ದಿಕೊಂಡಿರುತ್ತಿದ್ದೆವೇನೊ! ಬದುಕಿ ನಮ್ಮನ್ನು ನಿಶ್ಚಿಂತರನ್ನಾಗಿ ಮಾಡಿದ್ದು ಅವನ ತಪ್ಪೇ?

ಹುಡುಗ ಈಗಲೂ ತಾಯಿಯೊಡನೆ ಬರುತ್ತಾನೆ. ನಮ್ಮಾಕೆ ಅವನ ಕೈಗೆ ಒಂದು ಬಾಳೆಹಣ್ಣನ್ನೋ ಚಕ್ಕುಲಿಯನ್ನೋ ಕೊಟ್ಟರೆ, ಅವನು ಬಾಯಿಗಿಡದೆ ತಾಯಿಯ ಕಡೆಗೆ ನೋಡುತ್ತಾನೆ. ಅವಳು ಸೆರಗಿಗೆ ಕೈಯೊರಸಿಕೊಂಡು, ನಮ್ಮ ಎದುರಿಗೇ, ಸಂಕೋಚದಿಂದ ತಲೆ ತಗ್ಗಿಸಿ, ಅದನ್ನೊಮ್ಮೆ ಮೂಸಿ ಕೊಡುತ್ತಾಳೆ. ನಮ್ಮ ಬೀದಿಯ ಅನ್ನಕ್ಕೆ ಬಂದಿರುವ ಮರ್ಯಾದೆ ಇಷ್ಟು. ಇಂದು ರಾತ್ರಿ ಊಟ ಮುಗಿಸಿ, ಪಾತ್ರೆಯ ತಳದಲ್ಲಿ ಉಳಿದುದನ್ನು ಕಾಗದದಲ್ಲಿ ಸುತ್ತಿಕೊಂಡು ಹಿಂಬಾಗಿಲ ಅಗಣಿಗೆ ಕೈಹಾಕುವ ಮಹನೀಯರೇ, ಆ ತಾಯಿ ಮೂಸುವುದನ್ನು ಒಮ್ಮೆ ನೆನೆದು ಅಗಣಿಯನ್ನು ಹಾಗೆಯೇ ಬಿಡಿ.