ತಪ್ಪಿದ ನಾಲ್ಕು ಎಸೆತಗಳು

1995ರ ಜೂನ್ 7ರ ರಾತ್ರಿ. ಅಮೆರಿಕದ ಎನ್.ಬಿ.ಎ. ಬ್ಯಾಸ್ಕೆಟ್‌ಬಾಲ್ ಫೈನಲ್ ಸರಣಿಯ ಮೊದಲ ಪಂದ್ಯ. ತವರಿನ ಅಂಗಣದಲ್ಲಿ ಆಡುತ್ತಿದ್ದ ಒರ್ಲಾಂಡೊ ಮ್ಯಾಜಿಕ್ ತಂಡ ಹೂಸ್ಟನ್ ರಾಕೆಟ್ಸ್ ವಿರುದ್ಧ 110–107ರಿಂದ ಮುಂದಿತ್ತು. ಉಳಿದದ್ದು ಹತ್ತೂವರೆ ಸೆಕೆಂಡು. ಒರ್ಲಾಂಡೊದ ನಿಕ್ ಆಂಡರ್ಸನ್‌ಗೆ ಎರಡು ಫ್ರೀ ಥ್ರೋ ಸಿಕ್ಕವು. ಒಂದು ಬಿದ್ದಿದ್ದರೂ ಪಂದ್ಯ ಬಹುಮಟ್ಟಿಗೆ ಮುಗಿದಂತೆಯೇ. ಎರಡೂ ತಪ್ಪಿದವು. ಪುಟಿದು ಬಂದ ಚೆಂಡು ಅವರ ಕೈಗೇ ಸಿಕ್ಕಿತು. ಮತ್ತೆ ಫೌಲ್, ಮತ್ತೆ ಎರಡು ಎಸೆತ. ಅವೂ ತಪ್ಪಿದವು. ಹೂಸ್ಟನ್ನಿನ ಕೆನ್ನಿ ಸ್ಮಿತ್ ದೂರದಿಂದ ಮೂರು ಅಂಕದ ಎಸೆತ ಹಾಕಿ ಸಮ ಮಾಡಿದರು. ಹೆಚ್ಚುವರಿ ಅವಧಿಯಲ್ಲಿ ಹೂಸ್ಟನ್ 120–118ರಿಂದ ಗೆದ್ದಿತು. ಸರಣಿಯೂ 4–0ಯಿಂದ ಅದರ ಪಾಲಾಯಿತು.

ಆಂಡರ್ಸನ್ ಆ ಋತುವಿನಲ್ಲಿ ನೂರಕ್ಕೆ ಎಪ್ಪತ್ತು ಫ್ರೀ ಥ್ರೋ ಹಾಕುತ್ತಿದ್ದವರು. ಅಂಥವರು ನಾಲ್ಕನ್ನೂ ತಪ್ಪಿಸುವ ಸಂಭವ ಬರಿಯ ಗಣಿತದ ಪ್ರಕಾರ ಸಾವಿರಕ್ಕೆ ಸುಮಾರು ಎಂಟು. ದುರದೃಷ್ಟ ಎಂದು ಸುಮ್ಮನಾಗಬಹುದಿತ್ತು. ಆದರೆ 1996–97ರಲ್ಲಿ ಅವರ ಪ್ರಮಾಣ ನೂರಕ್ಕೆ ನಲವತ್ತಕ್ಕೆ ಕುಸಿಯಿತು. ಇದನ್ನು ಅದೃಷ್ಟದ ತಲೆಗೆ ಕಟ್ಟುವಂತಿಲ್ಲ.

ಹಾಗೆ ನೋಡಿದರೆ ಫ್ರೀ ಥ್ರೋ ಈ ಆಟದ ಸಲೀಸಾದ ಎಸೆತ. ಗೆರೆಯಿಂದ ಬೋರ್ಡಿಗೆ 15 ಅಡಿ, ರಿಂಗಿನ ಎತ್ತರ 10 ಅಡಿ. ಅಡ್ಡ ಬರುವವರು ಯಾರೂ ಇಲ್ಲ. ರಿಂಗಿನ ವ್ಯಾಸ 18 ಅಂಗುಲ, ಚೆಂಡಿನದು ಒಂಬತ್ತೂವರೆಗೆ ತುಸು ಕಡಿಮೆ. ಚೆಂಡು 45 ಡಿಗ್ರಿ ಓರೆಯಲ್ಲಿ ಇಳಿದರೆ ಅದರ ದಾರಿಗೆ ರಿಂಗು ಸುಮಾರು 12.7 ಅಂಗುಲದಷ್ಟು ಬಾಯಿ ತೆರೆದಿರುತ್ತದೆ. 30 ಡಿಗ್ರಿಯಲ್ಲಿ ಬಂದರೆ ಬರೀ 9 ಅಂಗುಲ; ಕಬ್ಬಿಣಕ್ಕೆ ತಾಗದೆ ನುಸುಳಲು ಜಾಗವೇ ಇಲ್ಲ. ಆದ್ದರಿಂದಲೇ ಚೆಂಡನ್ನು ಕಮಾನಿನಂತೆ ಎತ್ತಿ ಬಿಡಬೇಕು ಎನ್ನುವುದು. ಮೈ ಬಿಗಿದುಕೊಂಡು, ಮೊಣಕಾಲು ಬಗ್ಗಿಸದೆ ತಳ್ಳಿದ ಚೆಂಡು ಚಪ್ಪಟೆಯಾಗಿ ಹೋಗುವುದುಂಟು.

ಇದೆಲ್ಲ ಆಟಗಾರರಿಗೆ ಗೊತ್ತಿಲ್ಲದ್ದೇನಲ್ಲ. ಸಾವಿರಾರು ಸಲ ಎಸೆದ ಕೈ ತಾನಾಗಿಯೇ ಕೆಲಸ ಮಾಡುತ್ತದೆ. ಎಲ್ಲರ ಕಣ್ಣೂ ತನ್ನ ಮೇಲಿದೆ ಎಂಬ ಅರಿವು ಮೂಡಿದೊಡನೆ ಮನಸ್ಸು ಆ ಕೈಯನ್ನು ಕಾವಲು ಕಾಯತೊಡಗುತ್ತದೆ: ಮೊಣಕೈ ಸರಿಯಿದೆಯೇ, ಬೆರಳು ಎಲ್ಲಿದೆ? ಮೆಟ್ಟಿಲಿಳಿಯುವಾಗ ಕಾಲಿನ ಬಗ್ಗೆಯೇ ಯೋಚಿಸಿ ನೋಡಿ, ಮುಗ್ಗರಿಸುವ ಸಾಧ್ಯತೆ ಆಗಲೇ ಹೆಚ್ಚು.

ಹಾಗಾದರೆ ಈ ಕಾವಲುಗಾರನಿಗೇ ಅಭ್ಯಾಸ ಮಾಡಿಸಿದರೆ? ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಪ್ರಯೋಗ ಗಾಲ್ಫ್ ಚೆಂಡನ್ನು ಗುರಿಯತ್ತ ತಳ್ಳುವುದರ ಬಗ್ಗೆ. ಒಂದು ಗುಂಪು ವಿಡಿಯೋ ಕ್ಯಾಮೆರಾದ ಎದುರು ಕಲಿಯಿತು. ಈ ಚಿತ್ರಗಳನ್ನು ಗಾಲ್ಫ್ ಬಲ್ಲವರು ನೋಡುತ್ತಾರೆ ಎಂದೂ ಅವರಿಗೆ ಹೇಳಲಾಗಿತ್ತು. ಕೊನೆಗೆ ಹಣದ ಆಸೆಯೊಡ್ಡಿ ಪರೀಕ್ಷಿಸಿದಾಗ ಕ್ಯಾಮೆರಾ ಇಲ್ಲದೆ ಕಲಿತವರು ಎಡವಿದರು, ಕ್ಯಾಮೆರಾದ ಗುಂಪು ಎಡವಲಿಲ್ಲ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಔದೆಯಾನ್ಸ್ ಮತ್ತು ಪೈಪರ್ಸ್ ಬ್ಯಾಸ್ಕೆಟ್‌ಬಾಲ್ ಆಟಗಾರರ ಫ್ರೀ ಥ್ರೋ ಅಭ್ಯಾಸದಲ್ಲೂ ಹೀಗೆಯೇ ಕಂಡರು. ಐದು ವಾರ ಅಳುಕಿನ ನಡುವೆ ಎಸೆದವರು ಒತ್ತಡದಲ್ಲಿ ಕುಸಿಯಲಿಲ್ಲ.

ಸಂಜೆ ಮೈದಾನದಲ್ಲಿ ಒಬ್ಬನೇ ನಿಂತು ಒಂದೇ ಸಮನೆ ನೂರು ಚೆಂಡು ಎಸೆಯುವ ಹುಡುಗ ಕೈಯನ್ನು ಪಳಗಿಸುತ್ತಾನೆ, ನಿಜ. ಆದರೆ ಯಾವ ಪಂದ್ಯದಲ್ಲಿ ಸತತ ನೂರು ಎಸೆತ ಸಿಗುತ್ತವೆ? ಸಿಗುವುದು ಎರಡು, ಹೆಚ್ಚೆಂದರೆ ಮೂರು. ಅದೂ ಓಡಿ ಓಡಿ ಏದುಸಿರು ಬಿಡುತ್ತಿರುವಾಗ. ಅಭ್ಯಾಸವೂ ಹಾಗಿರಲಿ. ಅಂಗಣದ ಉದ್ದಕ್ಕೂ ನಾಲ್ಕು ಸಲ ಓಡಿಸಿ, ಎದೆ ಹೊಡೆದುಕೊಳ್ಳುತ್ತಿರುವಾಗ ಒಬ್ಬನನ್ನು ಗೆರೆಯ ಬಳಿ ನಿಲ್ಲಿಸಬೇಕು. ಎರಡೇ ಎಸೆತ, ಉಳಿದವರು ಸುತ್ತ ನಿಂತು ನೋಡಬೇಕು. ತಪ್ಪಿದರೆ ಇಡೀ ತಂಡಕ್ಕೆ ಇನ್ನೊಂದು ಓಟ. ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ತಿಂಗಳ ಕೊನೆಗೆ ಎರಡು ಸಂಖ್ಯೆ ಸಿಗುತ್ತವೆ: ಏಕಾಂತದ್ದೊಂದು, ಎಲ್ಲರೆದುರಿನದೊಂದು. ಇವುಗಳ ಅಂತರವೇ ತರಬೇತುದಾರ ನೋಡಬೇಕಾದದ್ದು.

ಒಂದು ಎಚ್ಚರಿಕೆ. ಇದು ಎಸೆತ ಕೈಗೆ ಕೂತವರಿಗೆ ಮಾತ್ರ. ನಿನ್ನೆ ಮೊನ್ನೆ ಚೆಂಡು ಹಿಡಿದ ಮಕ್ಕಳನ್ನು ಎಲ್ಲರೆದುರು ನಿಲ್ಲಿಸಿ ನಗಾಡಿದರೆ ಅವರು ಮರುದಿನ ಮೈದಾನಕ್ಕೇ ಬರಲಿಕ್ಕಿಲ್ಲ.